ಬೇಟೆಯ ಬಿಲ್ಲಿಗೆ ಎಷ್ಟು ತೂಕದ ಬಾಣ? ತೂಕ, ವೇಗ, ಶಕ್ತಿಗಳ ಹೊಂದಾಣಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೋತ್ತರ ಯಾರಿಗಾಗಿ? ಕರ್ನಾಟಕದಲ್ಲಿ ಇರುವವರಿಗೂ ಅನ್ವಯಿಸುತ್ತದೆಯೇ?

ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ, ಟೆಕ್ಸಾಸ್ ಮೊದಲಾದ ಅಮೆರಿಕದ ರಾಜ್ಯಗಳಲ್ಲಿ ನೆಲೆಸಿ, ಅಲ್ಲಿನ ಪರವಾನಗಿ ಪಡೆದು, ಕಾಂಪೌಂಡ್ ಬಿಲ್ಲಿನಿಂದ (ತುದಿಗಳಲ್ಲಿ ರಾಟೆಗಳಿರುವ ಬಿಲ್ಲು) ಜಿಂಕೆ ಬೇಟೆಗೆ ಇಳಿಯಬೇಕೆಂದಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಆದ್ದರಿಂದ ಕರ್ನಾಟಕದಲ್ಲಿರುವವರು ಇಲ್ಲಿನ ಲೆಕ್ಕಾಚಾರವನ್ನು ಗುರಿಹಲಗೆಯ ಅಭ್ಯಾಸಕ್ಕೆ ಮಾತ್ರ ಬಳಸಬಹುದು. ಬಿಲ್ಲು, ಬಾಣಗಳ ಭೌತಶಾಸ್ತ್ರ ಎರಡೂ ಕಡೆ ಒಂದೇ.

ಬಾಣದ ಶಕ್ತಿ ಮತ್ತು ಸಂವೇಗವನ್ನು ಲೆಕ್ಕ ಹಾಕುವುದು ಹೇಗೆ?

ಬಾಣದ ತೂಕವನ್ನು ಗ್ರೇನ್‌ಗಳಲ್ಲಿ ಅಳೆಯುತ್ತಾರೆ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ತೂಕವೆಂದರೆ ಮೊನೆ, ಶಾಫ್ಟ್ (ಬಾಣದ ಕಡ್ಡಿ), ಮೊನೆಯನ್ನು ಅದಕ್ಕೆ ಸೇರಿಸುವ ಇನ್ಸರ್ಟ್, ಗರಿ, ಹೆದೆಗೆ ಸಿಕ್ಕಿಸುವ ಹಿಂತುದಿಯಾದ ನಾಕ್ ಎಲ್ಲ ಸೇರಿದ ಒಟ್ಟು ತೂಕ. ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ಕ್ರೋನೋಗ್ರಾಫಿನಿಂದ ಅಳೆಯಬೇಕು. ಹೆಚ್ಚಿನ ಬಿಲ್ಲಂಗಡಿಗಳಲ್ಲಿ ಅದು ಇರುತ್ತದೆ.

ಚಲನಶಕ್ತಿಗೆ ತೂಕವನ್ನು ವೇಗದ ವರ್ಗದಿಂದ ಗುಣಿಸಿ 450,240ರಿಂದ ಭಾಗಿಸಿದರೆ ಉತ್ತರ ಅಡಿ-ಪೌಂಡ್‌ಗಳಲ್ಲಿ ಬರುತ್ತದೆ. ಸಂವೇಗಕ್ಕೆ ತೂಕವನ್ನು ವೇಗದಿಂದ ಗುಣಿಸಿ 225,218ರಿಂದ ಭಾಗಿಸಬೇಕು. ಶಕ್ತಿಯ ಲೆಕ್ಕದಲ್ಲಿ ವೇಗ ಎರಡು ಸಲ ಗುಣಿತವಾಗುತ್ತದೆ, ಸಂವೇಗದ ಲೆಕ್ಕದಲ್ಲಿ ಒಂದೇ ಸಲ. ವೇಗದ ಬಾಣವೇ ಮೇಲೆನ್ನುವವರಿಗೂ ತೂಕದ ಬಾಣವೇ ಮೇಲೆನ್ನುವವರಿಗೂ ನಡೆಯುವ ವಾದವೆಲ್ಲ ಹುಟ್ಟುವುದು ಈ ಒಂದು ವ್ಯತ್ಯಾಸದಿಂದ.

ಬಾಣದ ತೂಕ ಹೆಚ್ಚಿಸಿದರೆ ವೇಗ ಇಳಿಯುತ್ತದೆ. ಆಗ ಶಕ್ತಿಯೂ ಇಳಿಯುವುದಿಲ್ಲವೇ?

ಇಳಿಯುವುದಿಲ್ಲ, ಸ್ವಲ್ಪ ಏರುತ್ತದೆ. 60 ಪೌಂಡ್ ಎಳೆತ (ಹೆದೆ ಎಳೆಯಲು ಬೇಕಾದ ಬಲ), 28 ಇಂಚು ಡ್ರಾ ಲೆಂಗ್ತ್ (ಹೆದೆಯನ್ನು ಎಳೆಯುವ ಉದ್ದ) ಇರುವ ಇಂದಿನ ಒಂದು ಸಾಧಾರಣ ಕಾಂಪೌಂಡ್ ಬಿಲ್ಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಿಂದ 400 ಗ್ರೇನ್ ಬಾಣ ಸೆಕೆಂಡಿಗೆ 275 ಅಡಿ ವೇಗದಲ್ಲಿ ಹೊರಟರೆ, 500 ಗ್ರೇನ್ ಬಾಣ ಸುಮಾರು 249 ಅಡಿ, 600 ಗ್ರೇನ್ ಬಾಣ ಸುಮಾರು 229 ಅಡಿ ವೇಗದಲ್ಲಿ ಹೊರಡುತ್ತವೆ. ಮೂರರ ಚಲನಶಕ್ತಿ ಕ್ರಮವಾಗಿ 67, 69 ಮತ್ತು 70 ಅಡಿ-ಪೌಂಡ್, ಸಂವೇಗ 0.49, 0.55 ಮತ್ತು 0.61.

ಹೆದೆ ಎಳೆದಾಗ ಬಿಲ್ಲಿನಲ್ಲಿ ಕೂಡಿಡುವ ಶಕ್ತಿ ಬಾಣ ಯಾವುದಾದರೂ ಅಷ್ಟೇ ಇರುತ್ತದೆ. ಬಿಟ್ಟ ಕ್ಷಣದಲ್ಲಿ ಆ ಶಕ್ತಿಯ ಒಂದು ಪಾಲು ಬಾಣಕ್ಕೆ ಸೇರುತ್ತದೆ. ಇನ್ನೊಂದು ಪಾಲು ಹೆದೆ, ಕ್ಯಾಮ್ (ರಾಟೆ), ಬಿಲ್ಲಿನ ಬಾಗುವ ತೋಳುಗಳಾದ ಲಿಂಬ್‌ಗಳ ಓಟಕ್ಕೆ ಖರ್ಚಾಗಿ ಕೊನೆಗೆ ನಡುಕವಾಗಿ, ಸದ್ದಾಗಿ ಹೋಗುತ್ತದೆ. ಬಾಣ ಭಾರವಾದಷ್ಟೂ ಬಾಣಕ್ಕೆ ಸೇರುವ ಪಾಲು ದೊಡ್ಡದಾಗುತ್ತದೆ. ಭಾರದ ಬಾಣ ಬಿಟ್ಟಾಗ ಬಿಲ್ಲು ಕೈಯಲ್ಲಿ ಕಡಿಮೆ ಅದುರುವುದಕ್ಕೂ ಕಡಿಮೆ ಸದ್ದು ಮಾಡುವುದಕ್ಕೂ ಇದೇ ಕಾರಣ.

ಆದರೂ ಮೇಲಿನ ಅಂಕಿಗಳಲ್ಲಿ ಶಕ್ತಿ ಏರಿರುವುದು ನೂರಕ್ಕೆ ನಾಲ್ಕರಷ್ಟು. ಸಂವೇಗ ಏರಿರುವುದು ನೂರಕ್ಕೆ ಇಪ್ಪತ್ತೈದರಷ್ಟು. ಬಾಣದ ತೂಕ ಬದಲಿಸಿ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತೇನೆಂಬುದು ಸಣ್ಣ ಲಾಭದ ಕೆಲಸ. ನಿಜವಾಗಿ ಬದಲಾಗುವುದು ಆ ಶಕ್ತಿಯನ್ನು ಬಾಣ ಹೊತ್ತೊಯ್ಯುವ ರೀತಿ.

ಹಾಗಾದರೆ ಶಕ್ತಿಯನ್ನು ನೋಡಬೇಕೋ, ಸಂವೇಗವನ್ನೋ?

ಎರಡನ್ನೂ ನೋಡಿ, ಆದರೆ ಬಾಣ ಕೊಲ್ಲುವ ಬಗೆಯನ್ನು ಮೊದಲು ತಿಳಿದುಕೊಳ್ಳಿ. ಜಿಂಕೆ ಬೇಟೆಗೆ ಬಳಸುವ ರೈಫಲ್ ಗುಂಡಿನ ಶಕ್ತಿ ಎರಡು ಸಾವಿರ ಅಡಿ-ಪೌಂಡ್ ದಾಟುವುದು ಸಾಮಾನ್ಯ. ನಮ್ಮ ಬಾಣದ್ದು ಎಪ್ಪತ್ತನ್ನೂ ದಾಟುವುದಿಲ್ಲ. ಗುಂಡು ಆಘಾತದಿಂದ ಅಂಗಾಂಶವನ್ನು ಛಿದ್ರಗೊಳಿಸುತ್ತದೆ. ಬಾಣ ಕತ್ತರಿಸುತ್ತದೆ, ಶ್ವಾಸಕೋಶ, ಹೃದಯ ಮತ್ತು ದೊಡ್ಡ ರಕ್ತನಾಳಗಳನ್ನು ಕೊಯ್ದು ರಕ್ತಸ್ರಾವದಿಂದ ಪ್ರಾಣ ತೆಗೆಯುತ್ತದೆ. ಆದ್ದರಿಂದ ಬಾಣಕ್ಕೆ ಬೇಕಾದದ್ದು ಹರಿತವಾದ ಅಲಗು ದೇಹವನ್ನು ಹಾದು ಆಚೆ ಬದಿಯಿಂದ ಹೊರಬರುವಷ್ಟು ತಾಳಿಕೆ. ಒಳಹೋದ ರಂಧ್ರದ ಜೊತೆಗೆ ಹೊರಬಂದ ರಂಧ್ರವೂ ಇದ್ದರೆ ರಕ್ತದ ಜಾಡು ನೆಲದ ಮೇಲೆ ಚೆನ್ನಾಗಿ ಬೀಳುತ್ತದೆ, ಪ್ರಾಣಿ ಬೇಗ ಸಿಗುತ್ತದೆ.

ಬಾಣ ತಯಾರಿಸುವ ಈಸ್ಟನ್ ಸಂಸ್ಥೆಯ ಪಟ್ಟಿಯೊಂದು ಎಲ್ಲೆಡೆ ಓಡಾಡುತ್ತದೆ. ಅದರ ಪ್ರಕಾರ ಜಿಂಕೆಯ ಗಾತ್ರದ ಪ್ರಾಣಿಗೆ 25ರಿಂದ 41, ಎಲ್ಕ್ (ಬಹುದೊಡ್ಡ ಜಾತಿಯ ಜಿಂಕೆ), ಕಪ್ಪು ಕರಡಿ, ಕಾಡುಹಂದಿಗೆ 42ರಿಂದ 65, ಕಾಡುಕೋಣದಂಥವಕ್ಕೆ 65ಕ್ಕೂ ಮೇಲ್ಪಟ್ಟ ಅಡಿ-ಪೌಂಡ್ ಶಕ್ತಿ ಬೇಕು. ಮೊದಲ ಅಂದಾಜಿಗೆ ಇದು ಒಳ್ಳೆಯದೇ. ಆದರೆ ಒಂದೇ ಶಕ್ತಿಯ ಎರಡು ಬಾಣಗಳು ಒಂದೇ ಆಳ ಇಳಿಯುತ್ತವೆಂದು ಅದು ಹೇಳುವುದಿಲ್ಲ. 45 ಪೌಂಡಿನ ರಿಕರ್ವ್ ಬಿಲ್ಲಿನಿಂದ (ರಾಟೆಗಳಿಲ್ಲದ, ತುದಿ ಮುಂದಕ್ಕೆ ಬಾಗಿದ ಬಿಲ್ಲು) 450 ಗ್ರೇನ್ ಬಾಣ 170 ಅಡಿ ವೇಗದಲ್ಲಿ ಹೊರಟರೆ ಅದರ ಶಕ್ತಿ 29 ಅಡಿ-ಪೌಂಡ್ ಮಾತ್ರ; ಅಂಥ ಬಿಲ್ಲುಗಳಿಂದ ಹತ್ತಿರದ ಅಂತರದಲ್ಲಿ ಜಿಂಕೆಗಳನ್ನು ಚೊಕ್ಕವಾಗಿ ಹೊಡೆಯುವವರು ಇಂದಿಗೂ ಇದ್ದಾರೆ. ಅವರ ಬಾಣ ನಿಧಾನ, ಆದರೆ ಭಾರ, ಅಲಗು ಕಿರಿದು, ಹರಿತ, ಹಾರಾಟ ನೇರ.

ಬಿಲ್ಲಿನ ಪೆಟ್ಟಿಗೆಯ ಮೇಲೆ 340 ಅಡಿ ವೇಗ ಎಂದಿತ್ತು. ನನಗೆ 270 ಮಾತ್ರ ಸಿಗುತ್ತಿದೆ. ಬಿಲ್ಲಿನಲ್ಲಿ ದೋಷವಿದೆಯೇ?

ಬಹುಪಾಲು ಇಲ್ಲ. ಆ ಸಂಖ್ಯೆಯನ್ನು 70 ಪೌಂಡ್ ಎಳೆತ, 30 ಇಂಚು ಡ್ರಾ ಲೆಂಗ್ತ್ ಮತ್ತು 350 ಗ್ರೇನ್ ಬಾಣದಲ್ಲಿ ಅಳೆದಿರುತ್ತಾರೆ. ಡ್ರಾ ಲೆಂಗ್ತ್ ಒಂದು ಇಂಚು ಕಡಿಮೆಯಾದರೆ ಸುಮಾರು 10 ಅಡಿ ವೇಗ ಹೋಗುತ್ತದೆ. ಬಾಣಕ್ಕೆ ಪ್ರತಿ ಮೂರು ಗ್ರೇನ್ ಸೇರಿದರೆ ಸುಮಾರು ಒಂದು ಅಡಿ ಹೋಗುತ್ತದೆ. ಬಾಣ ಭಾರವಾದಂತೆ ಈ ನಷ್ಟದ ದರ ಕಡಿಮೆಯಾಗುತ್ತದೆ. ನಮ್ಮಲ್ಲಿ ಅನೇಕರ ಡ್ರಾ ಲೆಂಗ್ತ್ 27 ಅಥವಾ 28 ಇಂಚಿನ ಆಸುಪಾಸಿನಲ್ಲಿರುತ್ತದೆ. ವೇಗದ ಆಸೆಗೆ ಅದನ್ನು ಒಂದಿಂಚು ಉದ್ದ ಮಾಡಿಸಿಕೊಳ್ಳುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ತೋಳು ಅತಿಯಾಗಿ ಚಾಚಿ, ಮುಖಕ್ಕೆ ಹೆದೆ ತಾಗುವ ಜಾಗ ಹಿಂದೆ ಸರಿದು, ಗುರಿಯೇ ಕೆಡುತ್ತದೆ.

ಎಷ್ಟು ಹಗುರವಾದ ಬಾಣವನ್ನು ಬಳಸಬಹುದು?

ಹೆಚ್ಚಿನ ಕಾಂಪೌಂಡ್ ಬಿಲ್ಲು ತಯಾರಕರು ಎಳೆತದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ಎನ್ನುತ್ತಾರೆ; ಅಂದರೆ 60 ಪೌಂಡಿನ ಬಿಲ್ಲಿಗೆ 300 ಗ್ರೇನ್. ಅದಕ್ಕಿಂತ ಹಗುರವಾದರೆ ಬಾಣವಿಲ್ಲದೆ ಹೆದೆ ಬಿಟ್ಟಂತೆಯೇ ಶಕ್ತಿಯೆಲ್ಲ ಬಿಲ್ಲಿಗೇ ಮರಳಿ, ಲಿಂಬ್ ಸೀಳಬಹುದು, ಹೆದೆ ಹರಿಯಬಹುದು. ಇದು ಬಿಲ್ಲಿನ ಸುರಕ್ಷತೆಗೆ ಹಾಕಿದ ಗೆರೆ. ಬೇಟೆಯ ಬಾಣ ಅದಕ್ಕಿಂತ ಸಾಕಷ್ಟು ಮೇಲಿರಬೇಕು.

ವೇಗದ ಬಾಣದ ನಿಜವಾದ ಲಾಭವೇನು?

ಅಂತರದ ಅಂದಾಜು ತಪ್ಪಿದಾಗ ಅದು ಆ ತಪ್ಪನ್ನು ಸ್ವಲ್ಪ ಮಟ್ಟಿಗೆ ಮನ್ನಿಸುತ್ತದೆ. ಲಾಭ ಇರುವುದು ನಿಜ. ಎಷ್ಟು ಎಂಬುದನ್ನು ಮಾತ್ರ ಅಳೆದು ನೋಡುವವರು ಕಡಿಮೆ, ಹಾಗಾಗಿ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಜಿಂಕೆ ಇರುವುದು 40 ಗಜದಲ್ಲಿ. ನೀವು 35 ಎಂದು ತಿಳಿದು 35ರ ಪಿನ್ (ಬಿಲ್ಲಿನ ಸೈಟಿನಲ್ಲಿ ಆ ಅಂತರಕ್ಕೆ ಹೊಂದಿಸಿದ ಗುರಿಕಡ್ಡಿ) ಇಟ್ಟು ಬಿಟ್ಟಿರಿ ಎಂದುಕೊಳ್ಳಿ. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಹಿಂದೆ ಹೇಳಿದ 400 ಗ್ರೇನ್ ಬಾಣ ಗುರಿಗಿಂತ ಸುಮಾರು ನಾಲ್ಕೂವರೆ ಇಂಚು ಕೆಳಗೆ ಬೀಳುತ್ತದೆ, 500 ಗ್ರೇನ್ ಬಾಣ ಐದೂವರೆ ಇಂಚು, 600 ಗ್ರೇನ್ ಬಾಣ ಆರೂವರೆ ಇಂಚು. ಬಿಳಿಬಾಲದ ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶಗಳ ಜಾಗ ಎಂಟರಿಂದ ಹತ್ತು ಇಂಚು ಅಗಲದ್ದು. ಅದರ ನಡುವಿಗೆ ಗುರಿಯಿಟ್ಟವನಿಗೆ ಸಿಗುವ ಅವಕಾಶ ಕೆಳಗೆ ನಾಲ್ಕೈದು ಇಂಚು ಮಾತ್ರ. ಅಂದರೆ ವೇಗದ ಬಾಣವೂ ಅಂಚಿಗೇ ಬೀಳುತ್ತದೆ, ನಿಧಾನದ ಬಾಣ ಅಂಚು ದಾಟುತ್ತದೆ. ಅದೇ ಐದು ಗಜದ ತಪ್ಪು 25 ಗಜದಲ್ಲಿ ಆದರೆ 400 ಗ್ರೇನ್ ಬಾಣಕ್ಕೆ ಸುಮಾರು ಮೂರು ಇಂಚಿನ, 600 ಗ್ರೇನ್ ಬಾಣಕ್ಕೆ ನಾಲ್ಕು ಇಂಚಿನ ವ್ಯತ್ಯಾಸ. ಎರಡೂ ಒಳಗೇ ಬೀಳುತ್ತವೆ.

ಇದರಿಂದ ನಾನು ತೆಗೆಯುವ ತೀರ್ಮಾನ ಇಷ್ಟು: ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತು 25 ಗಜದೊಳಗೆ ಹೊಡೆಯುವವರು ಈ ಲಾಭಕ್ಕಾಗಿ ತೂಕವನ್ನು ಬಿಟ್ಟುಕೊಡಬೇಕಾಗಿಲ್ಲ. ಬಯಲು ನಾಡಿನಲ್ಲಿ, ಕೊಲರಾಡೊ, ವಯೋಮಿಂಗ್‌ನಂಥ ಕಡೆ, ಪ್ರಾಣಿ 40 ಗಜದಲ್ಲಿ ನಿಲ್ಲುವುದೇ ಹೆಚ್ಚು. ಅಲ್ಲಿ ಮಧ್ಯಮ ತೂಕ ಸರಿ. ಎಲ್ಲಿ ಹೋದರೂ ಅಂತರ ಅಳೆಯುವ ರೇಂಜ್‌ಫೈಂಡರ್ ಕೊರಳಲ್ಲಿರಲಿ. ಐದು ಗಜದ ತಪ್ಪನ್ನು ಅದು ಪೂರ್ತಿಯಾಗಿ ಅಳಿಸುತ್ತದೆ, ವೇಗ ಅದನ್ನು ಒಂದೆರಡು ಇಂಚು ಮಾತ್ರ ಕಡಿಮೆ ಮಾಡುತ್ತದೆ.

ಹೆದೆಯ ಸದ್ದಿಗೆ ಜಿಂಕೆ ಬೆಚ್ಚಿ ಕುಸಿಯುತ್ತದೆ ಎನ್ನುತ್ತಾರೆ. ವೇಗದ ಬಾಣ ಅದಕ್ಕೆ ಪರಿಹಾರವಲ್ಲವೇ?

ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತದೆ. ಯಾವ ಬಿಲ್ಲೂ ಅದನ್ನು ಹಿಂದಿಕ್ಕುವುದಿಲ್ಲ. 30 ಗಜ ದೂರದ ಜಿಂಕೆಯ ಕಿವಿಗೆ ಸದ್ದು 0.08 ಸೆಕೆಂಡಿನಲ್ಲಿ ತಲುಪುತ್ತದೆ. ಬಾಣ ತಲುಪಲು 400 ಗ್ರೇನಿನದು 0.33 ಸೆಕೆಂಡ್, 600 ಗ್ರೇನಿನದು 0.39 ಸೆಕೆಂಡ್ ತೆಗೆದುಕೊಳ್ಳುತ್ತವೆ. ಓಡಲು ಹೊರಟ ಜಿಂಕೆ ಮೊದಲು ಕಾಲು ಮಡಚಿ ಮೈಯನ್ನು ಕೆಳಗಿಳಿಸುತ್ತದೆ. ಗುರುತ್ವದ ಲೆಕ್ಕದಲ್ಲಿ 0.1 ಸೆಕೆಂಡಿಗೆ ಸುಮಾರು ಎರಡು ಇಂಚು, 0.2 ಸೆಕೆಂಡಿಗೆ ಏಳೂವರೆ ಇಂಚಿಗೂ ಹೆಚ್ಚು ಕುಸಿಯಬಹುದು. ಹಾಗಾಗಿ ಆ 0.06 ಸೆಕೆಂಡ್ ಅಮುಖ್ಯವೇನಲ್ಲ, ಆದರೆ ಭಾರದ ಬಾಣ ಕೊಡುವ ಮೆತ್ತನೆಯ ಸದ್ದೂ ಅಮುಖ್ಯವಲ್ಲ. ತಲೆ ತಗ್ಗಿಸಿ ಮೇಯುತ್ತ ನಿರಾಳವಾಗಿರುವ ಜಿಂಕೆಗೆ ಮಾತ್ರ ಬಾಣ ಬಿಡುವುದು, ಕಿವಿ ನಿಮಿರಿಸಿ ನಿಮ್ಮತ್ತಲೇ ನೋಡುತ್ತಿರುವುದನ್ನು ಬಿಟ್ಟುಬಿಡುವುದು, ಅಂತರವನ್ನು 20 ಗಜದ ಹತ್ತಿರ ಇಟ್ಟುಕೊಳ್ಳುವುದು, ಇವು ಬಾಣದ ವೇಗಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

650 ಗ್ರೇನ್‌ಗಿಂತ ಕಡಿಮೆ ತೂಕದ ಬಾಣ ಬೇಟೆಗೆ ಯೋಗ್ಯವಲ್ಲ ಎಂಬ ಮಾತು ನಿಜವೇ?

ಈ ಸಂಖ್ಯೆ ಡಾ. ಎಡ್ ಆಶ್ಬಿ ಅವರ ಅಧ್ಯಯನದಿಂದ ಬಂದದ್ದು. ಅವರು 1980ರ ದಶಕದಿಂದ ಆಫ್ರಿಕಾದ ದೊಡ್ಡ ಪ್ರಾಣಿಗಳ ಮೇಲೆ ಬಾಣಗಳು ಎಷ್ಟು ಆಳ ಇಳಿಯುತ್ತವೆಂದು ವರ್ಷಗಟ್ಟಲೆ ದಾಖಲಿಸಿದರು. ದಪ್ಪ ಮೂಳೆಯನ್ನು ಒಡೆದು ಒಳಹೋಗುವ ಸಾಧ್ಯತೆ ಸುಮಾರು 650 ಗ್ರೇನ್ ಮೇಲ್ಪಟ್ಟ ಬಾಣಗಳಲ್ಲಿ ಎದ್ದು ಕಾಣುವಂತೆ ಹೆಚ್ಚುತ್ತದೆಂಬುದು ಅವರು ಕಂಡುಕೊಂಡ ಸಂಗತಿ. ಅದು ದಪ್ಪ ಮೂಳೆಯ ಮಾತು. ಬಿಳಿಬಾಲದ ಜಿಂಕೆಯ ಪಕ್ಕೆಲುಬಿಗೆ ಅಷ್ಟು ಬೇಡ.

ಆಶ್ಬಿಯವರು ಆಳಕ್ಕೆ ಕಾರಣವಾಗುವ ಹನ್ನೆರಡು ಅಂಶಗಳನ್ನು ಪ್ರಾಮುಖ್ಯದ ಕ್ರಮದಲ್ಲಿ ಪಟ್ಟಿ ಮಾಡಿದ್ದಾರೆ. ಅದರಲ್ಲಿ ಮೊದಲನೆಯದು ಬಾಣ ಎಲ್ಲೂ ಮುರಿಯದೆ, ಬಾಗದೆ ಉಳಿಯುವ ಗಟ್ಟಿತನ. ಎರಡನೆಯದು ಓರೆಯಿಲ್ಲದ ಹಾರಾಟ. ತೂಕ ಬರುವುದು ಅವುಗಳ ನಂತರ. 650 ಎಂಬ ಅಂಕಿಯನ್ನು ನೆನಪಿಟ್ಟುಕೊಂಡು ಮೊದಲ ಎರಡನ್ನು ಮರೆತವರು ಅವರ ಕೆಲಸಕ್ಕೆ ನ್ಯಾಯ ಮಾಡಿದಂತಾಗುವುದಿಲ್ಲ. ಅಗ್ಗದ ಇನ್ಸರ್ಟ್ ಹಾಕಿ, ಓರೆಯಾಗಿ ಹಾರುವ 650 ಗ್ರೇನ್ ಬಾಣಕ್ಕಿಂತ ಗಟ್ಟಿಯಾಗಿ ಕಟ್ಟಿದ, ನೇರವಾಗಿ ಹಾರುವ 450 ಗ್ರೇನ್ ಬಾಣವನ್ನು ನಾನು ಯಾವಾಗ ಬೇಕಾದರೂ ಆರಿಸಿಕೊಳ್ಳುತ್ತೇನೆ.

ತೂಕವನ್ನು ಬಾಣದ ಯಾವ ಭಾಗಕ್ಕೆ ಸೇರಿಸಬೇಕು? ಎಫ್‌ಒಸಿ ಎಂದರೇನು?

ಮುಂಭಾಗಕ್ಕೆ ಸೇರಿಸುವುದು ಮೇಲು. ಬಾಣದ ತೂಕದ ಕೇಂದ್ರ ಅದರ ನಡುಬಿಂದುವಿಗಿಂತ ಎಷ್ಟು ಮುಂದಿದೆ ಎಂಬುದನ್ನು ಶೇಕಡಾವಾರಿನಲ್ಲಿ ಹೇಳುವುದೇ ಎಫ್‌ಒಸಿ. ಅಳೆಯುವುದು ಸುಲಭ. ಮೊನೆ ತೊಡಿಸಿದ ಬಾಣವನ್ನು ಚಾಕುವಿನ ಬೆನ್ನಿನ ಮೇಲಿಟ್ಟು ಸಮತೂಕದ ಜಾಗ ಗುರುತಿಸಿ. ನಾಕ್‌ನ ಕಚ್ಚಿನಿಂದ ಆ ಗುರುತಿನ ತನಕದ ಉದ್ದದಿಂದ ಶಾಫ್ಟಿನ ಉದ್ದದ ಅರ್ಧವನ್ನು ಕಳೆದು, ಬಂದದ್ದನ್ನು ಶಾಫ್ಟಿನ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ.

ಒಂದು ಬಾಣವನ್ನೇ ಕಟ್ಟಿ ನೋಡೋಣ. ಇಂಚಿಗೆ 9 ಗ್ರೇನ್ ತೂಗುವ 28 ಇಂಚಿನ ಶಾಫ್ಟ್ 252 ಗ್ರೇನ್, ಮೂರು ಗರಿಗಳು 18, ನಾಕ್ 10, ಅಲ್ಯೂಮಿನಿಯಂ ಇನ್ಸರ್ಟ್ 25, ಅಲಗಿರುವ ಬೇಟೆಯ ಮೊನೆಯಾದ ಬ್ರಾಡ್‌ಹೆಡ್ 100. ಒಟ್ಟು 405 ಗ್ರೇನ್, ಎಫ್‌ಒಸಿ ಸುಮಾರು 12ರಿಂದ 13. ಅದೇ ಶಾಫ್ಟಿಗೆ 75 ಗ್ರೇನಿನ ಹಿತ್ತಾಳೆ ಇನ್ಸರ್ಟ್, 125 ಗ್ರೇನಿನ ಬ್ರಾಡ್‌ಹೆಡ್ ಹಾಕಿದರೆ ಒಟ್ಟು 480 ಗ್ರೇನ್, ಎಫ್‌ಒಸಿ ಸುಮಾರು 18. ಬೇಟೆಯ ಬಾಣಕ್ಕೆ 10ರಿಂದ 15 ಸಾಮಾನ್ಯವಾಗಿ ಹೇಳುವ ಮಿತಿ. 18ರ ತನಕ ಹೋದರೂ ತೊಂದರೆಯಿಲ್ಲ, ಸ್ಪೈನ್ ಸರಿಯಾಗಿದ್ದರೆ.

ಸ್ಪೈನ್ ಎಂದರೇನು? ಮೊನೆ ಭಾರವಾದರೆ ಅದನ್ನೇಕೆ ಬದಲಿಸಬೇಕು?

ಸ್ಪೈನ್ ಎಂದರೆ ಶಾಫ್ಟಿನ ಬಿಗಿತದ ಅಳತೆ. 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಶಾಫ್ಟನ್ನಿಟ್ಟು ನಡುವೆ 1.94 ಪೌಂಡ್ ಭಾರ ತೂಗುಹಾಕಿದಾಗ ಅದು ಎಷ್ಟು ಬಾಗುತ್ತದೆ ಎಂಬುದನ್ನು ಇಂಚಿನ ಸಾವಿರದ ಒಂದಂಶದಲ್ಲಿ ಬರೆಯುತ್ತಾರೆ. 400 ಎಂದರೆ 0.400 ಇಂಚು, 340 ಎಂದರೆ 0.340 ಇಂಚು. ಸಂಖ್ಯೆ ಚಿಕ್ಕದಾದಷ್ಟೂ ಶಾಫ್ಟ್ ಬಿಗಿ.

ಹೆದೆ ಹಿಂದಿನಿಂದ ನೂಕುವಾಗ ಮುಂದಿನ ಭಾರ ಒಮ್ಮೆಲೇ ಕದಲುವುದಿಲ್ಲ, ನಡುವೆ ಶಾಫ್ಟ್ ಬಾಗುತ್ತದೆ. ಮೊನೆ ಭಾರವಾದಷ್ಟೂ, ಎಳೆತ ಹೆಚ್ಚಿದಷ್ಟೂ, ಶಾಫ್ಟ್ ಉದ್ದವಾದಷ್ಟೂ ಬಾಗು ಹೆಚ್ಚು. 400ರ ಶಾಫ್ಟಿಗೆ 75 ಗ್ರೇನ್ ಮುಂಭಾರ ಸೇರಿಸಿದವರು 340ಕ್ಕೋ 300ಕ್ಕೋ ಹೋಗಬೇಕಾಗಬಹುದು. ತಯಾರಕರ ಪಟ್ಟಿಯಲ್ಲಿ ನಿಮ್ಮ ಎಳೆತ, ಬಾಣದ ಉದ್ದ ಮತ್ತು ಮುಂಭಾಗದ ಒಟ್ಟು ತೂಕ ಮೂರನ್ನೂ ನೋಡಿ ಆರಿಸಿ. ಎರಡರ ನಡುವೆ ಸಂದೇಹ ಬಂದರೆ ಕಾಂಪೌಂಡ್ ಬಿಲ್ಲಿಗೆ ಬಿಗಿಯಾದದ್ದನ್ನೇ ತೆಗೆದುಕೊಳ್ಳಿ.

ಯಾವ ಬ್ರಾಡ್‌ಹೆಡ್ ಒಳ್ಳೆಯದು, ಸ್ಥಿರ ಅಲಗಿನದೋ ತೆರೆದುಕೊಳ್ಳುವ ಅಲಗಿನದೋ?

ತೆರೆದುಕೊಳ್ಳುವ ಅಲಗುಗಳು ಹಾರಾಟದಲ್ಲಿ ಮಡಚಿರುವುದರಿಂದ ಅಭ್ಯಾಸದ ಮೊನೆಯಂತೆಯೇ ಹಾರುತ್ತವೆ, ಅಗಲವಾದ ಗಾಯ ಮಾಡುತ್ತವೆ. ಆದರೆ ತೆರೆಯುವುದಕ್ಕೂ ಅಗಲಕ್ಕೆ ಕೊಯ್ಯುವುದಕ್ಕೂ ಶಕ್ತಿ ಖರ್ಚಾಗುತ್ತದೆ. ನಿಮ್ಮ ಬಾಣದಲ್ಲಿ 60 ಅಡಿ-ಪೌಂಡಿಗಿಂತ ಹೆಚ್ಚು ಶಕ್ತಿ ಇದ್ದರೆ ಜಿಂಕೆಗೆ ಅವು ನಡೆಯುತ್ತವೆ. ಅದಕ್ಕಿಂತ ಕಡಿಮೆಯಿದ್ದವರು ಸ್ಥಿರ ಅಲಗಿನ, ಅಗಲ ಕಡಿಮೆಯಿರುವ ಬ್ರಾಡ್‌ಹೆಡ್ ಹಾಕಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಯಾವುದೇ ಆಗಲಿ, ಹರಿತವಿರಬೇಕು. ಮೊಂಡು ಈಳಿಗೆಯಲ್ಲಿ ಹಣ್ಣು ಟೊಮೆಟೊ ಹೆಚ್ಚಲು ಹೋದರೆ ಅದು ಜಜ್ಜಿಹೋಗುವಂತೆ, ಮೊಂಡು ಅಲಗಿನ ಮುಂದೆ ರಕ್ತನಾಳ ಕೊಯ್ದುಹೋಗದೆ ಪಕ್ಕಕ್ಕೆ ಸರಿಯುತ್ತದೆ. ಎಳೆದು ಹಿಡಿದ ರಬ್ಬರ್ ಬ್ಯಾಂಡಿಗೆ ಅಲಗನ್ನು ಹಗುರವಾಗಿ ತಾಗಿಸಿ ನೋಡಿ. ಒತ್ತದೆಯೇ ತುಂಡಾದರೆ ಸರಿ. ಅಭ್ಯಾಸಕ್ಕೆ ಬಳಸಿದ ಅಲಗನ್ನು ಮಸೆಯದೆ ಅಥವಾ ಬದಲಿಸದೆ ಕಾಡಿಗೆ ಒಯ್ಯಬೇಡಿ.

ಬಾಣ ನೇರವಾಗಿ ಹಾರುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಮೊದಲು ಬ್ರಾಡ್‌ಹೆಡ್ ತೊಡಿಸಿದ ಬಾಣದ ಮೊನೆಯನ್ನು ಗಟ್ಟಿ ಮೇಜಿನ ಮೇಲೆ ಊರಿ ಬುಗುರಿಯಂತೆ ತಿರುಗಿಸಿ. ಬ್ರಾಡ್‌ಹೆಡ್ ಶಾಫ್ಟಿಗೆ ಸೇರುವ ಜಾಗದಲ್ಲಿ ಅಲ್ಲಾಟ ಕಂಡರೆ ಇನ್ಸರ್ಟ್ ಓರೆಯಾಗಿದೆ ಅಥವಾ ಶಾಫ್ಟಿನ ತುದಿ ಚೌಕವಾಗಿ ಕತ್ತರಿಸಿಲ್ಲ ಎಂದರ್ಥ. ಅಂಥ ಬಾಣವನ್ನು ಬೇಟೆಯ ಬತ್ತಳಿಕೆಗೆ ಹಾಕಬಾರದು.

ಆಮೇಲೆ ಕಾಗದದ ಪರೀಕ್ಷೆ. ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ಎರಡು ಮೂರು ಗಜ ದೂರದಿಂದ, ಹಿಂದೆ ಗಟ್ಟಿ ಗುರಿಹಲಗೆ ಇಟ್ಟುಕೊಂಡು, ಅಭ್ಯಾಸದ ಮೊನೆಯ ಬಾಣ ಬಿಡಿ. ಬಾಣ ನೇರವಾಗಿದ್ದರೆ ಕಾಗದದಲ್ಲಿ ಒಂದು ದುಂಡನೆಯ ತೂತು, ಅದರ ಸುತ್ತ ಮೂರು ಗರಿಗಳ ಸಣ್ಣ ಸೀಳು ಮಾತ್ರ ಇರುತ್ತದೆ. ಬಾಲ ಮೇಲಿದ್ದರೆ ತೂತಿನಿಂದ ಮೇಲ್ಮುಖವಾಗಿ ಒಂದು ಉದ್ದ ಹರುಕು ಕಾಣುತ್ತದೆ. ಪಕ್ಕಕ್ಕಿದ್ದರೆ ಹರುಕೂ ಪಕ್ಕಕ್ಕೇ. ನಾಕ್ ಕೂರುವ ಎತ್ತರ, ಬಾಣ ಒರಗುವ ಆಸರೆಯಾದ ರೆಸ್ಟ್, ಕ್ಯಾಮ್‌ಗಳ ಹೊಂದಾಣಿಕೆ, ಬಿಲ್ಲನ್ನು ಹಿಡಿಯುವ ಕೈಯ ತಿರುಚು, ಇವನ್ನು ಒಂದೊಂದಾಗಿ ಸರಿಪಡಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಕೊನೆಯ ಪರೀಕ್ಷೆ ಬ್ರಾಡ್‌ಹೆಡ್ಡಿನದೇ. ಒಂದೇ ತೂಕದ ಅಭ್ಯಾಸದ ಮೊನೆ ಮತ್ತು ಬ್ರಾಡ್‌ಹೆಡ್ ಎರಡೂ 30 ಗಜದಲ್ಲಿ ಒಂದೇ ಕಡೆ ಬೀಳಬೇಕು. ಬ್ರಾಡ್‌ಹೆಡ್ ಎಡಕ್ಕೆ ಬಿದ್ದರೆ ರೆಸ್ಟನ್ನು ಬಲಕ್ಕೆ, ಬಲಕ್ಕೆ ಬಿದ್ದರೆ ಎಡಕ್ಕೆ, ಕೂದಲೆಳೆಯಷ್ಟು ಸರಿಸುತ್ತ ಹೋಗಿ. ಓರೆಯಾಗಿ ತಗುಲಿದ ಬಾಣದ ಶಕ್ತಿಯ ಒಂದು ಭಾಗ ಶಾಫ್ಟ್ ಪಕ್ಕಕ್ಕೆ ಬಡಿಯುವುದರಲ್ಲೇ ಮುಗಿಯುತ್ತದೆ. 50 ಗ್ರೇನ್ ಹೆಚ್ಚುವರಿ ತೂಕ ಅದನ್ನು ತುಂಬಿಕೊಡಲಾರದು.

ನನ್ನ ಹೆಂಡತಿ 45 ಪೌಂಡ್ ಮಾತ್ರ ಎಳೆಯಬಲ್ಲರು, ಡ್ರಾ ಲೆಂಗ್ತ್ 26 ಇಂಚು. ಅವರು ಜಿಂಕೆ ಬೇಟೆಗೆ ಹೋಗಬಹುದೇ?

ಧಾರಾಳವಾಗಿ. ಅಂಥ ಬಿಲ್ಲಿನಿಂದ 400 ಗ್ರೇನ್ ಬಾಣ ಸುಮಾರು 220 ಅಡಿ ವೇಗದಲ್ಲಿ ಹೊರಟರೆ ಶಕ್ತಿ 43 ಅಡಿ-ಪೌಂಡ್, ಸಂವೇಗ 0.39. ಹಿಂದೆ ಹೇಳಿದ ರಿಕರ್ವ್ ಬಿಲ್ಲಿಗಿಂತ ಇದು ಸಾಕಷ್ಟು ಮೇಲು. ಅವರಿಗೆ ಹಗುರ ಬಾಣ ಕೊಟ್ಟು ವೇಗ ಹೆಚ್ಚಿಸಬೇಡಿ. ಎಳೆತದ ಪ್ರತಿ ಪೌಂಡಿಗೆ 8ರಿಂದ 9 ಗ್ರೇನ್ ಇರಲಿ, ಎರಡು ಅಲಗಿನ ಕಿರಿದಾದ ಬ್ರಾಡ್‌ಹೆಡ್ ಇರಲಿ, ಅಂತರ 20 ಗಜ ಮೀರದಿರಲಿ, ಪ್ರಾಣಿ ಪಕ್ಕಕ್ಕೆ ತಿರುಗಿ ಅಥವಾ ಸ್ವಲ್ಪ ಆಚೆಗೆ ಓರೆಯಾಗಿ ನಿಂತಾಗ ಮಾತ್ರ ಬಿಡಲಿ.

ತೂಕದ ಬಗ್ಗೆ ಕಾನೂನಿನ ನಿಯಮಗಳಿವೆಯೇ?

ಇವೆ, ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆ. ಜಿಂಕೆ ಬೇಟೆಗೆ ವಿಸ್ಕಾನ್ಸಿನ್‌ನಲ್ಲಿ ಕನಿಷ್ಠ 30 ಪೌಂಡ್ ಎಳೆತ ಬೇಕು, ಕೊಲರಾಡೊದಲ್ಲಿ 35, ಐಡಹೊದಲ್ಲಿ 40. ಬಾಣ, ಬ್ರಾಡ್‌ಹೆಡ್ ಸೇರಿ ಕನಿಷ್ಠ 300 ಗ್ರೇನ್ ಇರಬೇಕೆಂಬ ನಿಯಮ ಐಡಹೊದಲ್ಲಿದೆ. ಬ್ರಾಡ್‌ಹೆಡ್ಡಿನ ಅಗಲಕ್ಕೂ ಹಲವು ಕಡೆ ಮಿತಿಯಿದೆ. ನಿಯಮಗಳು ಬದಲಾಗುತ್ತಿರುತ್ತವೆ, ಪರವಾನಗಿ ಕೊಳ್ಳುವಾಗಲೇ ಆ ವರ್ಷದ ನಿಯಮ ಪುಸ್ತಿಕೆಯನ್ನು ಓದಿಕೊಳ್ಳಿ.

ಇಷ್ಟೆಲ್ಲ ಬೇಡ. ನನ್ನ 60 ಪೌಂಡಿನ ಬಿಲ್ಲಿಗೆ ಒಂದು ಸಂಖ್ಯೆ ಹೇಳಬಹುದೇ?

ಬಿಳಿಬಾಲದ ಜಿಂಕೆಗೆ 420ರಿಂದ 480 ಗ್ರೇನ್, ಅಂದರೆ ಎಳೆತದ ಪ್ರತಿ ಪೌಂಡಿಗೆ 7ರಿಂದ 8. ಎಲ್ಕ್‌ಗೂ ಅದೇ ಬಿಲ್ಲನ್ನು ಒಯ್ಯುವುದಾದರೆ 480ರಿಂದ 520. ವೇಗ ಸೆಕೆಂಡಿಗೆ ಸುಮಾರು 245ರಿಂದ 270 ಅಡಿಯ ನಡುವೆ ಬರುತ್ತದೆ. ಪಿನ್‌ಗಳ ನಡುವಿನ ಅಂತರ ಹಿತವಾಗಿರುತ್ತದೆ, ಬಿಲ್ಲಿನ ಸದ್ದು ಇಳಿಯುತ್ತದೆ, ಪಕ್ಕೆಲುಬಿಗೆ ತಗುಲಿದರೂ ಬಾಣ ಹಾದುಹೋಗುತ್ತದೆ.

ಬಾಣದ ತೂಕ ಬದಲಿಸಿದ ಮೇಲೆ ಏನೇನನ್ನು ಮತ್ತೆ ಮಾಡಬೇಕು?

ಎಲ್ಲವನ್ನೂ. ಒಟ್ಟು ತೂಕವನ್ನು ಗ್ರೇನ್ ತಕ್ಕಡಿಯಲ್ಲಿ ತೂಗಿ, ಬತ್ತಳಿಕೆಯ ಬಾಣಗಳ ನಡುವಿನ ವ್ಯತ್ಯಾಸ ಐದು ಗ್ರೇನ್ ಒಳಗಿರುವಂತೆ ನೋಡಿಕೊಳ್ಳಿ. ಕ್ರೋನೋಗ್ರಾಫಿನಲ್ಲಿ ವೇಗವನ್ನು ಮತ್ತೆ ಅಳೆಯಿರಿ, ಕಾಗದದ ಪರೀಕ್ಷೆಯನ್ನು ಮೊದಲಿನಿಂದ ಮಾಡಿ, 20 ಗಜದ ಪಿನ್ನಿನಿಂದ ಆರಂಭಿಸಿ ಪ್ರತಿ ಪಿನ್ನನ್ನೂ ಹೊಸದಾಗಿ ಹೊಂದಿಸಿ. ಜಾರುವ ಸೈಟ್ ಇದ್ದರೆ ಹಳೆಯ ಅಂತರಪಟ್ಟಿಯನ್ನು ಕಿತ್ತು ಹೊಸ ವೇಗಕ್ಕೆ ತಕ್ಕುದನ್ನು ಅಂಟಿಸಿ. ಈ ಕೆಲಸಗಳನ್ನು ಬೇಟೆಯ ಋತುವಿಗೆ ಕನಿಷ್ಠ ಒಂದು ತಿಂಗಳು ಮೊದಲೇ ಮುಗಿಸಿ, ಉಳಿದ ದಿನಗಳಲ್ಲಿ ಆ ಬಾಣದಿಂದಲೇ, ಆ ಬ್ರಾಡ್‌ಹೆಡ್ಡಿನಿಂದಲೇ ಅಭ್ಯಾಸ ಮಾಡಿ.